ಸೈಕಲ್ಲಿನವನಿಗೆ ಎಷ್ಟು ಮೊಳ ಜಾಗ ಬಿಡಬೇಕು ಸ್ವಾಮಿ?

ದಾವಣಗೆರೆ: ಬೆಳಿಗ್ಗೆ ಆಫೀಸು-ಸ್ಕೂಲು ಹೊತ್ತಿನಲ್ಲಿ ಪಿ.ಬಿ. ರಸ್ತೆಯ ಗಾಂಧಿ ಸರ್ಕಲ್ ಹತ್ತಿರ ಅರ್ಧ ಗಂಟೆ ಸುಮ್ಮನೆ ನಿಂತು ನೋಡಿ. ಕ್ಯಾರಿಯರಿಗೆ ಮಂಡಕ್ಕಿ ಚೀಲ ಬಿಗಿದುಕೊಂಡ ಸೈಕಲ್ಲು, ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ಡು, ಹಿಂದೆ ಹೆಂಡತಿ ಮುಂದೆ ಮಗು ಕೂರಿಸಿಕೊಂಡ ಸ್ಕೂಟರು, ಎಲ್ಲವೂ ರಸ್ತೆಯ ಎಡಗಡೆ ಅಂಚು ಹಿಡಿದು ಹೋಗ್ತಿರ್ತವೆ. ಹಿಂದಿನಿಂದ ಬಸ್ಸು ಬರುತ್ತದೆ. ಹಾರನ್ ಬಾರಿಸುತ್ತದೆ. ಹಾರನ್ ಬಾರಿಸಿದ ಮೇಲೆ ತನ್ನ ಜವಾಬ್ದಾರಿ ತೀರಿತು ಅನ್ನೋ ಹಾಗೆ ಸವರಿಕೊಂಡೇ ಮುಂದೆ ಹೋಗುತ್ತದೆ. ಸೈಕಲ್ಲಿನವನ ಹ್ಯಾಂಡಲ್ಲು ಒಂದು ಸಲ ಆ ಕಡೆ ಈ ಕಡೆ ಆಡುತ್ತದೆ. ಬಿದ್ದರೆ ಅದು ನಾಳೆಯ ಸುದ್ದಿ. ಬೀಳದಿದ್ದರೆ ಯಾರಿಗೂ ಏನೂ ಆಗಿಲ್ಲ!

ಹೀಗೆ ಸವರಿಕೊಂಡು ಹೋಗುವುದಕ್ಕೆ ಕಾನೂನು ಏನಾದರೂ ಅನ್ನುತ್ತದೆಯೇ? ಹತ್ತು ಜನರನ್ನು ಕೇಳಿ, ಒಂಬತ್ತು ಜನ 'ಹೆಲ್ಮೆಟ್ ಹಾಕ್ಕೋಬೇಕಂತ್ರೀ' ಅನ್ನುತ್ತಾರೆ. ಹೆಲ್ಮೆಟ್ ಕಾನೂನು ಎಲ್ಲರಿಗೂ ಬಾಯಿಪಾಠ, ಯಾಕೆಂದರೆ ಅದಕ್ಕೆ ದಂಡ ಕಟ್ಟಿದ್ದೇವೆ. ಹೆಲ್ಮೆಟ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬೀಳುವವನು ತಾನೇ ಮಾಡಿಕೊಳ್ಳಬೇಕಾದ ಏರ್ಪಾಡು. ಬೀಳಿಸುವವನ ಮೇಲೆ ಇರುವ ಕಾನೂನು ಬೇರೆಯೇ ಇದೆ. ಅದು ಪುಸ್ತಕದಲ್ಲಿ ತೆಪ್ಪಗೆ ಮಲಗಿದೆ.

ನಮ್ಮ ಮೋಟಾರು ವಾಹನ ಕಾಯಿದೆ 1988ರದು. ಅದರ ಕೆಳಗೆ ಕೇಂದ್ರ ಸರ್ಕಾರ 2017ರಲ್ಲಿ ವಾಹನ ಚಾಲನೆಯ ಹೊಸ ನಿಯಮಾವಳಿ ಹೊರಡಿಸಿತು. 1989ರ ಹಳೇ ರಸ್ತೆ ನಿಯಮಗಳ ಜಾಗಕ್ಕೆ ಬಂದದ್ದು ಇದು. ನಡೆದು ಹೋಗುವವರು, ಸೈಕಲ್ಲಿನವರು, ಮಕ್ಕಳು, ವಯಸ್ಸಾದವರು, ಅಂಗವಿಕಲರು ಇವರ ವಿಷಯದಲ್ಲಿ ಚಾಲಕ ವಿಶೇಷ ಎಚ್ಚರಿಕೆ ವಹಿಸಬೇಕು ಎಂದು ಅದು ಹೇಳುತ್ತದೆ. ಹಿಂದೆ ಹಾಕುವಾಗ ಪಾದಚಾರಿಗಳಿಂದ ಮತ್ತು ಸೈಕಲ್ಲಿನವರಿಂದ ಸಾಕಷ್ಟು ದೂರ ಇಟ್ಟುಕೊಳ್ಳಬೇಕು ಎಂದೂ ಹೇಳುತ್ತದೆ. ಸಿಗ್ನಲ್ಲೂ ಇಲ್ಲದ, ಪೋಲೀಸೂ ಇಲ್ಲದ ಪಟ್ಟೆ ದಾಟಿನಲ್ಲಿ ಜನ ದಾಟುತ್ತಿದ್ದರೆ ಗಾಡಿ ನಿಧಾನ ಮಾಡಿ, ನಿಲ್ಲಿಸಿ, ದಾರಿ ಬಿಡಬೇಕು. ಫುಟ್‌ಪಾತಿನ ಮೇಲೆ, ಸೈಕಲ್ ದಾರಿಯ ಮೇಲೆ ಮೋಟಾರು ಹತ್ತಿಸುವ ಹಾಗಿಲ್ಲ.

ಓದಲು ಬಲು ಚಂದ. ಆದರೆ ಆ 'ಸಾಕಷ್ಟು' ಅನ್ನೋ ಮಾತಿದೆಯಲ್ಲ, ಅಲ್ಲೇ ಎಲ್ಲ ಸೋರಿಹೋಗುವುದು. ಸಾಕಷ್ಟು ಅಂದರೆ ಎಷ್ಟು? ಬಸ್ಸಿನ ಚಾಲಕನಿಗೆ ಒಂದು ಗೇಣು ಸಾಕು. ಸೈಕಲ್ಲಿನವನಿಗೆ ಒಂದು ಮಾರೂ ಸಾಲದು. ಬಟ್ಟೆ ಅಂಗಡಿಯಲ್ಲಿ 'ಸಾಕಷ್ಟು ಬಟ್ಟೆ ಕೊಡಿ' ಅಂದರೆ ಅಂಗಡಿಯವರು ಕೊಟ್ಟಾರೆಯೇ? ಎಷ್ಟು ಮೀಟರು ಅಂತ ಕೇಳುತ್ತಾರೆ. ಕಾನೂನು ಮಾತ್ರ ಅಳತೆ ಇಲ್ಲದೆ ಬಟ್ಟೆ ಹರಿದುಕೊಟ್ಟಿದೆ.

ಅಳತೆಯ ಲೆಕ್ಕವನ್ನೇ ಹಾಕಿ ನೋಡೋಣ. ಒಂದು ಗಾಡಿ ಸಾಲಿಗೆ ನಮ್ಮ ರಸ್ತೆಗಳಲ್ಲಿ ಸಾಮಾನ್ಯವಾಗಿ ಇಡುವ ಅಗಲ ಮೂರೂವರೆ ಮೀಟರು. ದೊಡ್ಡ ಬಸ್ಸಿನ ಅಗಲ ಹೆಚ್ಚೆಂದರೆ 2.6 ಮೀಟರು, ಅದರ ಮೇಲೆ ನಿಯಮ ಬಿಡುವುದಿಲ್ಲ. ಉಳಿದದ್ದು 90 ಸೆಂಟಿಮೀಟರು, ಅಂದರೆ ಎರಡು ಮೊಳ. ಸೈಕಲ್ ಹ್ಯಾಂಡಲ್ಲಿನ ಅಗಲವೇ ಸುಮಾರು 60 ಸೆಂಟಿಮೀಟರು. ಮಿಕ್ಕಿದ್ದು ಒಂದು ಗೇಣು, ಮೇಲೆ ನಾಲ್ಕು ಬೆರಳು. ಎಡಗಡೆ ಮರಳು, ಚರಂಡಿ ಅಂಚು, ನಿಂತ ಕಾರು ಇವಕ್ಕೂ, ಬಲಗಡೆ ಬಸ್ಸಿಗೂ ಅಷ್ಟರಲ್ಲೇ ಹಂಚಬೇಕು. ಮಂಡಕ್ಕಿ ಚೀಲದ ಅಗಲ ಇನ್ನೂ ಸೇರಿಸಿಯೇ ಇಲ್ಲ!

ಅಂದಮೇಲೆ ಒಂದೇ ಸಾಲಿನಲ್ಲಿ ಸೈಕಲ್ಲಿನ ಪಕ್ಕಕ್ಕೆ ಬಸ್ಸು ನುಗ್ಗಿಸಿ ಹಿಂದೆ ಹಾಕುವುದು ಲೆಕ್ಕಕ್ಕೇ ಬಗ್ಗುವುದಿಲ್ಲ. ಪಕ್ಕದ ಸಾಲಿಗೆ ಹೊರಳಿ ಹೋಗಬೇಕು. ಎದುರಿನಿಂದ ಗಾಡಿ ಬರುತ್ತಿದ್ದರೆ ಸೈಕಲ್ಲಿನ ಹಿಂದೆ ಹತ್ತು ಹದಿನೈದು ಸೆಕೆಂಡು ತಡೀಬೇಕು. ಕಾನೂನು ಕೇಳುತ್ತಿರುವುದು ಅಗಲ ರಸ್ತೆಯನ್ನಲ್ಲ, ಆ ಹದಿನೈದು ಸೆಕೆಂಡನ್ನು. ಬಸ್ಸಿನೊಳಗೆ ಕೂತ ನಾವು 'ಏನ್ರೀ ಡ್ರೈವರ್ ಸಾಹೇಬ್ರೆ, ಎತ್ತಿನ ಗಾಡಿ ಹೊಡೀತಿದೀರಾ?' ಅಂತ ಕೂಗುವಾಗ ಕಸಿದುಕೊಳ್ಳುವುದೂ ಅದನ್ನೇ. ಚಾಲಕ ಒಬ್ಬನನ್ನೇ ಬೈದು ಏನು ಉಪಯೋಗ? ಹಿಂದಿನ ಬಸ್ಸು ಮುಂದಿನ ಸ್ಟಾಪಿನ ಜನರನ್ನು ಹತ್ತಿಸಿಕೊಂಡು ಹೋದರೆ ಅವನ ಕಲೆಕ್ಷನ್ ಹೋಯಿತು.

ಬೇರೆ ದೇಶದವರು ಈ 'ಸಾಕಷ್ಟು' ಗೊಡವೆಯನ್ನು ಬಿಟ್ಟು ಅಳತೆಯನ್ನೇ ಬರೆದಿಟ್ಟಿದ್ದಾರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1973ರಲ್ಲೇ ಮೂರು ಅಡಿ ಅಂದಿತು. ನಮ್ಮ ಲೆಕ್ಕದಲ್ಲಿ ಎರಡು ಮೊಳ. ಕ್ಯಾಲಿಫೋರ್ನಿಯಾಕ್ಕೆ ಆ ಬುದ್ಧಿ ಬಂದದ್ದು 2014ರ ಸೆಪ್ಟೆಂಬರಿನಲ್ಲಿ. ಫ್ರಾನ್ಸಿನಲ್ಲಿ ಊರೊಳಗೆ ಒಂದು ಮೀಟರು, ಊರಾಚೆ ಒಂದೂವರೆ. ಜರ್ಮನಿಯವರು 2020ರಲ್ಲಿ ಊರೊಳಗೆ ಒಂದೂವರೆ ಮೀಟರು, ಹೊರಗೆ ಎರಡು ಎಂದು ಕಟ್ಟು ಮಾಡಿದರು. ಇಂಗ್ಲೆಂಡಿನ ಹೆದ್ದಾರಿ ಸಂಹಿತೆಯಲ್ಲಿ 2022ರ ಜನವರಿಯಿಂದ ಸೈಕಲ್ಲಿಗೆ ಕನಿಷ್ಠ ಒಂದೂವರೆ ಮೀಟರು, ವೇಗ ಹೆಚ್ಚಿದರೆ ಇನ್ನೂ ಹೆಚ್ಚು. ಯಾರ ಗಾಡಿಯಿಂದ ಹೆಚ್ಚು ಅನಾಹುತ ಆಗಬಲ್ಲದೋ ಅವರ ಮೇಲೇ ಹೆಚ್ಚು ಹೊಣೆ ಎಂಬ ಮಾತನ್ನೂ ಅದರ ಮೊದಲಿಗೇ ಸೇರಿಸಿದರು.

ಬರೆದ ಮಾತ್ರಕ್ಕೆ ಆಗಿಹೋಯಿತೇ ಅನ್ನಬಹುದು. ಅಲ್ಲಿಯ ವೆಸ್ಟ್ ಮಿಡ್‌ಲ್ಯಾಂಡ್ಸ್ ಪೋಲೀಸರು 2016ರಲ್ಲಿ ಒಂದು ಉಪಾಯ ಹೂಡಿದರು. ಪೋಲೀಸಿನವನೇ ಮಫ್ತಿಯಲ್ಲಿ ಸೈಕಲ್ ಹತ್ತಿ ಹೊರಡುವುದು. ಯಾವ ಕಾರು ತೀರಾ ಹತ್ತಿರ ಸವರಿಕೊಂಡು ಹೋಯಿತೋ ಅದನ್ನು ಮುಂದೆ ನಿಂತ ಜೊತೆಗಾರರಿಗೆ ತಿಳಿಸುವುದು. ಅವರು ಕಾರು ನಿಲ್ಲಿಸಿ, ನೆಲದ ಮೇಲೆ ಒಂದು ಚಾಪೆ ಹಾಸಿ, ಅದರಲ್ಲಿ ಬರೆದ ಅಳತೆ ತೋರಿಸಿ 'ಇಷ್ಟು ಬಿಡಬೇಕಪ್ಪಾ' ಅಂತ ಪಾಠ ಹೇಳುವುದು. ಅತಿರೇಕದವರಿಗೆ ಕೇಸು. ಚಾಪೆಗೆ ಎಷ್ಟು ಖರ್ಚು? ನಮ್ಮೂರಿನಲ್ಲಿ ಸೈಕಲ್ಲಿಗೂ ಬರವಿಲ್ಲ, ಚಾಪೆಗೂ ಬರವಿಲ್ಲ. ಬರ ಇರುವುದು ಆ ಚಾಪೆಯ ಮೇಲೆ ಬರೆಯಬೇಕಾದ ಅಂಕಿಗೆ. ಚಾಲನೆಯ ನಿಯಮಾವಳಿ ಕೇಂದ್ರದ ಕೈಯಲ್ಲಿರುವುದರಿಂದ ಆ ಅಂಕಿ ಬರಬೇಕಾದ್ದು ದಿಲ್ಲಿಯಿಂದ. ಓಟು ಕೇಳಲು ಬಂದವರನ್ನು ರಸ್ತೆ, ನೀರು, ರೈಲು ಕೇಳುತ್ತೇವೆ. ಇದನ್ನು ಯಾರೂ ಕೇಳಿದ್ದು ಕಾಣೆ.

ಅಂಕಿ ಇಲ್ಲದೆಯೂ ಶಿಕ್ಷೆಗೆ ದಾರಿ ಇಲ್ಲವೆಂದಲ್ಲ. ಚಾಲನೆಯ ನಿಯಮ ಮುರಿದರೆ 500ರಿಂದ 1,000 ರೂಪಾಯಿ ದಂಡ ಎಂದು 2019ರ ತಿದ್ದುಪಡಿಯಲ್ಲಿ ಬಂದಿದೆ. ಕಾನೂನು ಮೀರಿ ಹಿಂದೆ ಹಾಕುವುದು ಜನರಿಗೆ ಅಪಾಯ ತರುವಂತಿದ್ದರೆ ಅದು 184ನೇ ಕಲಮಿನ ಅಪಾಯಕಾರಿ ಚಾಲನೆ. ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷ ಸಜೆ, ಇಲ್ಲವೇ ಸಾವಿರದಿಂದ ಐದು ಸಾವಿರ ದಂಡ, ಇಲ್ಲವೇ ಎರಡೂ. ಸರ್ಕಲ್ಲಿನಲ್ಲಿ ಹೆಲ್ಮೆಟ್ಟಿಗೆ ಕೈ ಅಡ್ಡ ಹಾಕಿದಷ್ಟು ಸುಲಭವಾಗಿ ಇದಕ್ಕೆ ಕೈ ಅಡ್ಡ ಹಾಕಲಾಗುವುದಿಲ್ಲ. ತಲೆ ಮೇಲೆ ಹೆಲ್ಮೆಟ್ ಇಲ್ಲದ್ದು ಕಣ್ಣಿಗೆ ಕಾಣುತ್ತದೆ. 'ಸಾಕಷ್ಟು' ಕಾಣುವುದಿಲ್ಲ.

ದೇಶದಲ್ಲಿ 2022ನೇ ಇಸವಿ ಒಂದರಲ್ಲೇ ರಸ್ತೆಯಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ದ್ವಿಚಕ್ರದವರು, 19ಕ್ಕಿಂತ ಹೆಚ್ಚು ನಡೆದು ಹೋಗುತ್ತಿದ್ದವರು. ಎಲ್ಲರೂ ಬಸ್ಸು ಲಾರಿ ಸವರಿಯೇ ಸತ್ತರು ಅನ್ನುವ ಹಾಗಿಲ್ಲ. ಆದರೆ ಸುತ್ತ ತಗಡಿನ ಗೋಡೆ ಇಲ್ಲದವರೇ ಹೆಚ್ಚು ಸಾಯುತ್ತಿದ್ದಾರೆ ಅನ್ನುವುದು ಸ್ಪಷ್ಟ.

ಈಗ ಅಂಗಡಿ ಮಾಲೀಕರು ಸ್ವಲ್ಪ ಸಿಟ್ಟಾಗಬಾರದು. ನಡೆಯುವವನು ರಸ್ತೆಗೆ ಯಾಕೆ ಇಳಿದ? ಫುಟ್‌ಪಾತಿನ ಮೇಲೆ ಬೋರ್ಡು, ಬಕೆಟ್ಟು, ಗೊಂಬೆ, ಗಿರಾಕಿಯ ಬೈಕು. ಬೈಕಿನವರಂತೂ ತಮ್ಮನ್ನು ಕಾರಿನವರು ಸವರಿದರೆ ಬಾಯಿ ಬಡಿದುಕೊಳ್ಳುತ್ತಾರೆ, ಸಿಗ್ನಲ್ ಬಿದ್ದರೆ ತಾವೇ ಫುಟ್‌ಪಾತ್ ಹತ್ತಿ ಮುದುಕಿಯನ್ನು ಸವರುತ್ತಾರೆ. ಓಡಾಡಲು ಯೋಗ್ಯವಾದ ಫುಟ್‌ಪಾತ್ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟು 2025ರ ಮೇ 14ರಂದು ಹೇಳಿತು. ಆ ಕೇಸನ್ನು 2012ರಲ್ಲಿ ಹೂಡಿದವರು ಕೊಯಮತ್ತೂರಿನ ಮೂಳೆ ಡಾಕ್ಟರು ಎಸ್. ರಾಜಶೇಖರನ್. ಮುರಿದ ಮೂಳೆ ಕಟ್ಟುವ ಡಾಕ್ಟರೇ ಕೋರ್ಟಿಗೆ ಹೋಗಬೇಕಾಯಿತು ನೋಡಿ! ಅದೇ ಕೇಸಿನಲ್ಲಿ 2025ರ ಅಕ್ಟೋಬರ್ 7ರಂದು, ಪಾದಚಾರಿಗಳು ಮತ್ತು ಮೋಟಾರಿಲ್ಲದ ವಾಹನಗಳ ಬಗ್ಗೆ 138ನೇ ಕಲಮಿನ ಕೆಳಗೆ ಆರು ತಿಂಗಳೊಳಗೆ ನಿಯಮ ಮಾಡಿ ಎಂದು ರಾಜ್ಯಗಳಿಗೆ ಕೋರ್ಟು ಅಪ್ಪಣೆ ಮಾಡಿತು. ಆ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟದ್ದು 2019ರ ತಿದ್ದುಪಡಿ. ಕೋರ್ಟು ಕಿವಿ ಹಿಂಡುವವರೆಗೆ ಆರು ವರ್ಷ ಹೋಯಿತು.

ಇನ್ನು ಢಿಕ್ಕಿ ಹೊಡೆದೇಬಿಟ್ಟರೆ? ಬಸ್ಸಿನಲ್ಲಿ ಓಡಾಡುವವರು, ಅಂಗಡಿಯವರು ಎಲ್ಲರೂ ತಿಳಿದಿರಬೇಕಾದ ಭಾಗ ಇದು. ಚಾಲಕ ಗಾಯಾಳುವಿಗೆ ಚಿಕಿತ್ಸೆ ಸಿಗುವ ಹಾಗೆ ಮಾಡಬೇಕು ಎನ್ನುತ್ತದೆ 134ನೇ ಕಲಮು. 'ಜನ ಹೊಡೀತಾರೆ ಅಂತ ಓಡಿದೆ ಸ್ವಾಮಿ' ಅನ್ನುವ ಮಾತಿಗೂ ಅದರಲ್ಲಿ ಜಾಗವಿದೆ. ಜನರ ಉದ್ರೇಕದಿಂದ ಸಾಧ್ಯವಾಗದಿದ್ದರೆ ಆಸ್ಪತ್ರೆಯ ಮಾತಿಗೆ ವಿನಾಯಿತಿ ಉಂಟು. ಆದರೆ 24 ಗಂಟೆಯೊಳಗೆ ಠಾಣೆಗೆ ಹೋಗಿ ಹೇಳುವುದಕ್ಕೆ ವಿನಾಯಿತಿ ಇಲ್ಲ. ಆಸ್ಪತ್ರೆಗೆ ಒಯ್ದ ದಾರಿಹೋಕನನ್ನು ಕೋರ್ಟು ಕಚೇರಿ ಅಲೆಸುವ ಹಾಗಿಲ್ಲ. ಅದಕ್ಕೆ ಕೇಂದ್ರದ ಕಲಮೂ ಇದೆ, ನಮ್ಮ ಕರ್ನಾಟಕದ್ದೇ 2016ರ ಕಾಯಿದೆಯೂ ಇದೆ.

ನಿರ್ಲಕ್ಷ್ಯದಿಂದ ಸಾವು ತಂದರೆ ಹಳೇ ದಂಡ ಸಂಹಿತೆಯಲ್ಲಿ ಎರಡು ವರ್ಷದವರೆಗೆ ಸಜೆಯಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಐದು ವರ್ಷದವರೆಗೆ. ಗುದ್ದಿ ಕೊಂದು, ಹೇಳದೆ ಓಡಿಹೋದರೆ ಹತ್ತು ವರ್ಷ ಎಂಬ ಇನ್ನೊಂದು ಉಪಕಲಮೂ ಪುಸ್ತಕದಲ್ಲಿತ್ತು. 2024ರ ಜನವರಿಯಲ್ಲಿ ಲಾರಿಯವರು ಮುಷ್ಕರ ಹೂಡಿದರು. ಉಳಿದ ಕಾನೂನು ಜಾರಿಗೆ ಬಂದಾಗ ಆ ಒಂದು ಉಪಕಲಮನ್ನು ಸರ್ಕಾರ ಹಾಗೇ ಹಿಂದೆ ಉಳಿಸಿತು. ಲಾರಿಯವರಿಗೆ ಸಂಘ ಇದೆ. ಸೈಕಲ್ಲಿನವರಿಗೆ ಎಲ್ಲಿದೆ?

ಗಾಡಿ ನಂಬರು ಸಿಗದಿದ್ದರೆ ಕಥೆ ಮುಗಿಯಿತು ಅಂತ ಕೈಚೆಲ್ಲುವವರೇ ಹೆಚ್ಚು. ಹಾಗಲ್ಲ. ಗುದ್ದಿ ಓಡಿದ ಗಾಡಿ ಪತ್ತೆಯಾಗದಿದ್ದರೂ ಸತ್ತವರ ಕುಟುಂಬಕ್ಕೆ 2 ಲಕ್ಷ, ಭಾರೀ ಗಾಯವಾದವರಿಗೆ 50 ಸಾವಿರ ರೂಪಾಯಿ ಸರ್ಕಾರದ ಯೋಜನೆಯಿಂದ ಸಿಗುತ್ತದೆ. 2022ರ ಏಪ್ರಿಲ್ 1ಕ್ಕೆ ಮುಂಚೆ ಇದು ಬರೀ 25,000 ಮತ್ತು 12,500 ಇತ್ತು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿ ಇಲ್ಲವೇ ತಹಸೀಲ್ದಾರರ ಕಡೆ. ಒಂದು ತಿಂಗಳಲ್ಲಿ ಗಾಡಿ ಪತ್ತೆಯಾಗದಿದ್ದರೆ ಹೀಗೊಂದು ಪರಿಹಾರ ಇದೆ ಎಂದು ಗಾಯಾಳುವಿಗೆ ಅಥವಾ ಸತ್ತವರ ಮನೆಯವರಿಗೆ ಪೋಲೀಸರೇ ಬರೆದು ತಿಳಿಸಬೇಕು ಎಂದು ಸುಪ್ರೀಂ ಕೋರ್ಟು 2024ರ ಜನವರಿಯಲ್ಲಿ ಹೇಳಿದೆ. ತಿಳಿಸದಿದ್ದರೆ ನೀವೇ ಕೇಳಿ.

ಗಾಡಿ ಪತ್ತೆಯಾಗಿ ಇನ್ಶೂರೆನ್ಸ್ ಇದ್ದರೆ 164ನೇ ಕಲಮಿನಲ್ಲಿ ಸಾವಿಗೆ 5 ಲಕ್ಷ, ಭಾರೀ ಗಾಯಕ್ಕೆ ಎರಡೂವರೆ ಲಕ್ಷ; ಯಾರದು ತಪ್ಪು ಎಂದು ಸಾಬೀತು ಮಾಡಬೇಕಾಗಿಲ್ಲ. ಹೆಚ್ಚು ಬೇಕೆಂದರೆ ತಪ್ಪು ತೋರಿಸಿ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬೇಕು. 'ಸೈಕಲ್ಲಿನವನೇ ಅಡ್ಡ ಬಂದ' ಎಂಬ ವಾದ ಏಳುವುದು ಅಲ್ಲೇ, ಅಳತೆ ಇದ್ದಿದ್ದರೆ ಅನ್ನಿಸುವುದೂ ಅಲ್ಲೇ. ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎನ್ನುತ್ತದೆ ತಿದ್ದುಪಡಿಯಾದ ಕಾಯಿದೆ. ಆ ಗಡುವಿನ ತಕರಾರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದೆಯಾದರೂ ಅದನ್ನು ನಂಬಿ ಕೂರುವುದು ಬೇಡ. ಅಪಘಾತ ಹೊರ ಜಿಲ್ಲೆಯಲ್ಲಿ ಆಗಿದ್ದರೂ ಅಲ್ಲಿಗೆ ಅಲೆಯಬೇಕಾಗಿಲ್ಲ, ನೀವು ವಾಸವಾಗಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಎಫ್.ಐ.ಆರ್. ಪ್ರತಿ, ಆಸ್ಪತ್ರೆಯ ಚೀಟಿ, ಔಷಧಿ ಬಿಲ್ಲು ಒಂದನ್ನೂ ಬಿಸಾಡದೆ ಕವರಿನಲ್ಲಿ ಹಾಕಿಡಿ.