ಮ್ಯೂಲೆನ್‌ಬರ್ಗರ ಒಂದು ಮತ: ದಂತಕಥೆ ಮತ್ತು ದಾಖಲೆ

ಅಮೆರಿಕದಲ್ಲಿ ಜರ್ಮನ್ ಭಾಷೆಯು ಒಂದೇ ಮತದ ಅಂತರದಿಂದ ರಾಜಭಾಷೆಯ ಪಟ್ಟವನ್ನು ಕಳೆದುಕೊಂಡಿತು. ಆ ಮತವನ್ನಿತ್ತವರು ಜರ್ಮನ್ ಮನೆಮಾತಿನ ಸಭಾಧ್ಯಕ್ಷರೇ ಎಂಬ ಕಥೆಯೊಂದು ಬಹುಕಾಲದಿಂದ ಪ್ರಚಲಿತವಾಗಿದೆ. ಗಡಿನಾಡಿನಲ್ಲಿ ಕುಳಿತು ಕನ್ನಡವನ್ನು ಐಚ್ಛಿಕವಾಗಿ ಅಭ್ಯಸಿಸುವ ನಮಗೆ ಇಂಥ ಕಥೆ ಬೇಗನೆ ನಾಟುತ್ತದೆ. ಆದರೆ ನಾಟಿದ್ದೆಲ್ಲವೂ ನಿಜವಲ್ಲ.

ಫ್ರೆಡರಿಕ್ ಮ್ಯೂಲೆನ್‌ಬರ್ಗ್ 1750ರ ಜನವರಿ 1ರಂದು ಪೆನ್ಸಿಲ್ವೇನಿಯಾದ ಟ್ರ್ಯಾಪ್ ಎಂಬಲ್ಲಿ ಜನಿಸಿದರು. ತಂದೆ ಜರ್ಮನಿಯಿಂದ ಬಂದ ಲುಥೆರನ್ ಪಾದ್ರಿ. ಬಾಲಕನಾಗಿದ್ದಾಗಲೇ ಜರ್ಮನಿಯ ಹಾಲೆ ಪಟ್ಟಣಕ್ಕೆ ಓದಲು ಹೋದ ಫ್ರೆಡರಿಕ್, 1770ರಲ್ಲಿ ಮರಳಿ ತಾವೂ ಪಾದ್ರಿಯಾದರು. ಸ್ವಾತಂತ್ರ್ಯ ಸಮರದ ದಿನಗಳಲ್ಲಿ, 1776ರಲ್ಲಿ, ಬ್ರಿಟಿಷ್ ಸೇನೆ ಸಮೀಪಿಸಿದಾಗ ನ್ಯೂಯಾರ್ಕಿನ ತಮ್ಮ ಸಭೆಯನ್ನು ಬಿಡಬೇಕಾಯಿತು. 1779ರಲ್ಲಿ ಅವರು ರಾಜಕಾರಣಕ್ಕಿಳಿದು ಕಾಂಟಿನೆಂಟಲ್ ಕಾಂಗ್ರೆಸ್ಸಿನ ಸದಸ್ಯರಾದರು. 1787ರಲ್ಲಿ ಹೊಸ ಸಂವಿಧಾನವನ್ನು ಅನುಮೋದಿಸಲು ಸೇರಿದ ಪೆನ್ಸಿಲ್ವೇನಿಯಾ ಸಮಾವೇಶಕ್ಕೆ ಅಧ್ಯಕ್ಷರಾಗಿದ್ದರು. 1789ರ ಏಪ್ರಿಲ್ 1ರಂದು ಅಮೆರಿಕದ ಪ್ರತಿನಿಧಿ ಸಭೆಯ ಮೊತ್ತಮೊದಲ ಸಭಾಧ್ಯಕ್ಷರಾಗಿ ಆಯ್ಕೆಯಾದರು. ಪ್ರಜೆಗಳ ಮೂಲಭೂತ ಹಕ್ಕುಗಳ ತಿದ್ದುಪಡಿಗಳನ್ನು ರಾಜ್ಯಗಳಿಗೆ ಕಳುಹಿಸಿದ ಪ್ರತಿಯಲ್ಲಿ ಸಭಾಧ್ಯಕ್ಷರಾಗಿ ಸಹಿ ಮಾಡಿದವರೂ ಇವರೇ.

ಇನ್ನು ಭಾಷೆಯ ಸಂಗತಿ. 1794ರಲ್ಲಿ ವರ್ಜೀನಿಯಾದ ಆಗಸ್ಟಾ ಪ್ರಾಂತದ ಜರ್ಮನ್ ನೆಲಸಿಗರು ಸಭೆಗೆ ಒಂದು ಅರ್ಜಿ ಸಲ್ಲಿಸಿದರು. ಅವರು ಪಟ್ಟವನ್ನು ಕೇಳಿರಲಿಲ್ಲ. ಕಾನೂನುಗಳನ್ನು ಜರ್ಮನ್ ಭಾಷೆಯಲ್ಲಿಯೂ ಮುದ್ರಿಸಿರೆಂದು ಮಾತ್ರ ಕೇಳಿದ್ದರು. 1795ರ ಜನವರಿಯಲ್ಲಿ ಈ ವಿಚಾರದ ಚರ್ಚೆಯನ್ನು ಮುಂದಕ್ಕೆ ಹಾಕಿ ಮತ್ತೆ ಕೈಗೆತ್ತಿಕೊಳ್ಳೋಣವೆಂಬ ಸೂಚನೆ 41–42 ಮತಗಳಿಂದ ಬಿದ್ದುಹೋಯಿತು. ಕೊನೆಗೆ ಬೇಡಿಕೆಯೂ ಕೈಗೂಡಲಿಲ್ಲ. ದಂತಕಥೆಯ 'ಒಂದು ಮತ' ಹುಟ್ಟಿದ್ದು ಇಲ್ಲಿ. ರಾಜಭಾಷೆಯ ಪ್ರಶ್ನೆ ಅಂದು ಸಭೆಯ ಮುಂದೆ ಬಂದಿರಲೇ ಇಲ್ಲ.

ಮ್ಯೂಲೆನ್‌ಬರ್ಗರು ನಿರ್ಣಾಯಕ ಮತವನ್ನು ಕೊಟ್ಟದ್ದುಂಟು, ಆದರೆ ಬೇರೊಂದು ವಿಷಯದಲ್ಲಿ. 1796ರ ಏಪ್ರಿಲ್‌ನಲ್ಲಿ ಬ್ರಿಟನ್ನಿನೊಡನೆ ಆದ ಜೇ ಒಪ್ಪಂದವನ್ನು ಜಾರಿಗೊಳಿಸುವ ಪ್ರಶ್ನೆಯಲ್ಲಿ ಸದನ ಸಮಿತಿಯ ಮತಗಳು 49–49ರಂತೆ ಸಮನಾದವು. ಸಮಿತಿಯ ಪೀಠದಲ್ಲಿದ್ದ ಅವರು ಒಪ್ಪಂದದ ಪರವಾಗಿ ನಿಂತರು. ಕೆಲವೇ ದಿನಗಳಲ್ಲಿ, ಒಪ್ಪಂದವನ್ನು ದ್ವೇಷಿಸುತ್ತಿದ್ದ ಸ್ವಂತ ನೆಂಟನೇ ಅವರಿಗೆ ಚೂರಿಯಿಂದ ಇರಿದನು. ಜೀವ ಉಳಿಯಿತು, ಆ ಅವಧಿ ಮುಗಿದ ಬಳಿಕ ಅವರು ಸಭೆಗೆ ಮರಳಲಿಲ್ಲ. 1801ರಲ್ಲಿ ತೀರಿಕೊಂಡರು.

ರಕ್ತ ಸುರಿಸಿದ ನಿಜವಾದ ಮತ ಮರೆತುಹೋಗಿ, ಕೊಡದ ಮತವೇ ಜನರ ನೆನಪಿನಲ್ಲಿ ಉಳಿದದ್ದು ವಿಪರ್ಯಾಸ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಕಳೆದುಹೋದ ಪಟ್ಟದ ಕಥೆಯಡಿಯಲ್ಲಿ ಆಗಸ್ಟಾದ ಜನರ ನ್ಯಾಯವಾದ ಬೇಡಿಕೆ ಮುಚ್ಚಿಹೋದದ್ದು. ತನ್ನನ್ನು ಆಳುವ ಕಾನೂನು ತನಗೆ ತಿಳಿಯುವ ನುಡಿಯಲ್ಲಿರಬೇಕೆಂಬ ಆಸೆ ಗಡಿನಾಡಿನವರಾದ ನಮಗೆ ಅಪರಿಚಿತವಲ್ಲ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ನಮ್ಮ ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಭಾಷೆಯ ಪರವಾಗಿ ಮಾತನಾಡುವಾಗ ಯಾರು ಏನನ್ನು ಕೇಳಿದರು, ಏನು ದೊರೆಯಿತು, ಏನು ದೊರೆಯಲಿಲ್ಲ ಎಂಬುದನ್ನು ದಾಖಲೆಯಿಂದ ಹೇಳಬಲ್ಲವನ ಮಾತಿಗೆ ತೂಕ ಹೆಚ್ಚು. ಭಾಷಾ ವಿದ್ಯಾರ್ಥಿಗಳು ಮೊದಲು ರೂಢಿಸಿಕೊಳ್ಳಬೇಕಾದ ಶಿಸ್ತು ಇದೇ.