ಕಾರಿನ ಆಂಟೆನಾ ಮುರಿದರೆ ಏನು ಮಾಡಬೇಕು?



ನನ್ನ ಸೋದರಮಾವನ ಹಳೇ ಅಂಬಾಸಿಡರ್ ಕಾರು ನಿಮಗೆಲ್ಲ ಗೊತ್ತು. ರಾತ್ರಿ ಹೊತ್ತು ಊರಿನವರು ಆಸ್ಪತ್ರೆಗೆ ಹೋಗೋದು ಅದರಲ್ಲೇ. ಘಾಟಿ ದಾರಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗಲ್ಲ. ಮಳೆಗಾಲದಲ್ಲಿ ಎಲ್ಲಿ ಗುಡ್ಡ ಕುಸಿಯಿತು ಅಂತ ತಿಳಿಯೋಕೆ ರೇಡಿಯೋ ಬೇಕು. ಹೋದ ತಿಂಗಳು ಕೊಂಬೆ ಬಡಿದು ಅದರ ಆಂಟೆನಾ ಮುರಿಯಿತು. ಈ ಕಾರಿನ ತಯಾರಿಕೆ 2014ರಲ್ಲೇ ನಿಂತಿದೆ. ಆದರೂ ಆಂಟೆನಾ ಬದಲಾಯಿಸೋದು ಕಷ್ಟವಲ್ಲ.

ಆಂಟೆನಾ ಹೊರಗೇ ಏಕಿರಬೇಕು? ಕಾರಿನ ತಗಡು ರೇಡಿಯೋ ಅಲೆಗಳನ್ನು ತಡೆಯುತ್ತದೆ. ಎಫ್.ಎಂ. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 75 ಸೆಂ.ಮೀ. ಕಡ್ಡಿ ಇದ್ದರೆ ಚೆನ್ನಾಗಿ ಹಿಡಿಯುತ್ತದೆ.

ಕಡ್ಡಿಯೊಂದೇ ಆಂಟೆನಾ ಅಲ್ಲ, ಕಾರಿನ ಬಾಡಿಯೂ ಅದರ ಅರ್ಧ ಭಾಗ! ಕೇಬಲ್ಲಿನ ಒಳತಂತಿ ಕಡ್ಡಿಗೆ, ಹೊರಗಿನ ಜಾಲರಿ ಬಾಡಿಗೆ ಸೇರಿರಬೇಕು. ಇದಕ್ಕೆ ಅರ್ತ್ ಎನ್ನುತ್ತಾರೆ. ಅರ್ತ್ ಸರಿಯಿಲ್ಲದಿದ್ದರೆ ಹೊಸ ಆಂಟೆನಾ ಹಾಕಿದರೂ ಬರೀ ಗೊರಗೊರ ಸದ್ದು.

ಮಾಡುವ ವಿಧಾನ:

1. ಬ್ಯಾಟರಿಯಿಂದ ಬಾಡಿಗೆ ಸೇರುವ ವೈರನ್ನು ಮೊದಲು ಬಿಚ್ಚಬೇಕು.

2. ರೇಡಿಯೋ ಹಿಂದಿನ ಆಂಟೆನಾ ಪಿನ್ ಕಿತ್ತು, ಅದಕ್ಕೆ ಉದ್ದನೆಯ ದಾರ ಕಟ್ಟಬೇಕು. ಹಳೇ ಕೇಬಲ್ ಹೊರಗೆಳೆದಾಗ ದಾರ ಅದೇ ದಾರಿಯಲ್ಲಿ ಉಳಿಯುತ್ತದೆ. ಹೊಸ ಕೇಬಲ್ಲನ್ನು ಅದಕ್ಕೇ ಕಟ್ಟಿ ಒಳಗೆ ಎಳೆದುಕೊಳ್ಳಬಹುದು.

3. ಮಡ್‌ಗಾರ್ಡಿನ ತೂತಿನ ಸುತ್ತ, ಕೆಳಭಾಗದಲ್ಲಿ, ತುಕ್ಕು ಮತ್ತು ಬಣ್ಣವನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ ಹೊಳೆಯುವಂತೆ ಮಾಡಬೇಕು. ಆಂಟೆನಾ ಬುಡ ಅಲ್ಲಿ ಗಟ್ಟಿಯಾಗಿ ಕಚ್ಚಬೇಕು.

4. ಮೇಲ್ಗಡೆ ರಬ್ಬರ್ ವಾಷರ್ ಕೂರಿಸಿ ನಟ್ಟು ಬಿಗಿ ಮಾಡಬೇಕು. ಇಲ್ಲದಿದ್ದರೆ ಮಳೆನೀರು ಇಳಿದು ಮತ್ತೆ ತುಕ್ಕು. ಕೆಳಗೆ ನಟ್ಟಿನ ಮೇಲೆ ಗ್ರೀಸ್ ಸವರಿದರೆ ಒಳ್ಳೆಯದು.

5. ಪಿನ್ನನ್ನು ರೇಡಿಯೋಗೆ ಸಿಕ್ಕಿಸುವ ಮೊದಲು ಸೆಲ್ ಮತ್ತು ಟಾರ್ಚ್ ಬಲ್ಬಿನಿಂದ ಪರೀಕ್ಷೆ ಮಾಡಿ. ಕಡ್ಡಿಗೂ ಪಿನ್ನಿನ ನಡುವಿನ ಮೊನೆಗೂ ಹಿಡಿದರೆ ಬಲ್ಬ್ ಮಂಕಾಗಿಯಾದರೂ ಹತ್ತಬೇಕು. ಬಾಡಿಗೂ ಪಿನ್ನಿನ ಹೊರಬಳೆಗೂ ಹಿಡಿದರೂ ಹತ್ತಬೇಕು. ಕಡ್ಡಿಗೂ ಬಾಡಿಗೂ ಹಿಡಿದರೆ ಮಾತ್ರ ಹತ್ತಲೇಬಾರದು.

6. ಕೆಲವು ಹಳೇ ರೇಡಿಯೋಗಳಲ್ಲಿ ಆಂಟೆನಾ ತೂತಿನ ಹತ್ತಿರ ಪುಟ್ಟ ತಿರುಪು ಇರುತ್ತದೆ. ಮೀಡಿಯಂ ವೇವ್‌ನಲ್ಲಿ 1400 ಕಿಲೋಹರ್ಟ್ಸ್ ಆಸುಪಾಸು ಕ್ಷೀಣವಾಗಿ ಕೇಳುವ ನಿಲಯ ಹಿಡಿದು, ಸದ್ದು ಜೋರಾಗುವವರೆಗೆ ಅದನ್ನು ಮೆಲ್ಲಗೆ ತಿರುಗಿಸಬೇಕು.

“ಮುರಿದ ಬುಡಕ್ಕೆ ಛತ್ರಿ ಕಡ್ಡಿ ಸಿಕ್ಕಿಸಿದರೆ ಸಾಲದಾ?” ಅಂತ ಕೆಲವರು ಕೇಳುತ್ತಾರೆ. ಒಂದೆರಡು ದಿನಕ್ಕೆ ನಡೆಯುತ್ತೆ. ಆದರೆ ಅದು ಬಾಡಿಗೆ ತಾಗಿದರೆ ರೇಡಿಯೋ ಮೌನ. ಏಕೆ? ಐದನೇ ಅಂಶ ಇನ್ನೊಮ್ಮೆ ಓದಿ, ಉತ್ತರ ಹೊಳೆಯುತ್ತದೆ!