ಸೆಕೆಂಡ್ ಹ್ಯಾಂಡ್ ಟೂರಿಂಗ್ ಬೈಕ್: ಮೊದಲು ಸ್ಪ್ಯಾನರ್, ಆಮೇಲೆ ಪರ್ಸ್

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲೋ ಮೆಟ್ರೋದಲ್ಲೋ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಕೂತಿರೋ ಎಲ್ಲರಿಗೂ ಸ್ವಾಗತ. ಬೈಕ್ ಓಡಿಸ್ತಾ ಕೇಳ್ತಿದ್ದರೆ ಮಾತ್ರ ಇಲ್ಲೇ ನಿಲ್ಲಿಸಿ, ಮನೆಗೆ ಹೋಗಿ ಕೇಳಿ. ಯಾಕಂದ್ರೆ ಇವತ್ತಿನ ಮಾತು ಬೈಕ್ ಬಗ್ಗೆನೇ.

ಒಂದು ಘಟನೆಯಿಂದ ಶುರು ಮಾಡ್ತೀನಿ. ಬೆಂಗಳೂರಿಂದ ದಾವಣಗೆರೆಗೆ ಹೋಗ್ತಿದ್ದೆ. 2019ರ ಡಾಮಿನಾರ್ 400, ಸೆಕೆಂಡ್ ಹ್ಯಾಂಡ್, ಕೈಗೆ ಬಂದು ಐದೇ ವಾರ ಆಗಿತ್ತು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಹೊರಟಾಗ ಎಲ್ಲ ಸರಿ ಇತ್ತು. ಶಿರಾ ಹತ್ತಿರ ಬರೋ ಹೊತ್ತಿಗೆ ಬಲಗೈಗೆ ಜೋಮು ಹಿಡಿದಿತ್ತು. ಆಗ ಎಡಗಡೆಯಿಂದ ಒಂದು ಟ್ರ್ಯಾಕ್ಟರ್ ಹೈವೇಗೆ ನುಗ್ಗಿತು. ಬ್ರೇಕ್ ಹಿಡಿದೆ. ಎಷ್ಟು ಗಟ್ಟಿಯಾಗಿ ಹಿಡಿದಿದ್ದೀನಿ ಅಂತ ನನ್ನ ಬೆರಳಿಗೇ ಗೊತ್ತಾಗ್ಲಿಲ್ಲ. ಟ್ರ್ಯಾಕ್ಟರ್ ಟ್ರೇಲರ್‌ನಿಂದ ಒಂದು ಮಾರು ದೂರದಲ್ಲಿ ಗಾಡಿ ನಿಂತಿತು.

ಅವತ್ತಿನವರೆಗೂ ಕಂಫರ್ಟ್ ಅಂದ್ರೆ ಒಂಥರಾ ಶೋಕಿ ಅಂದ್ಕೊಂಡಿದ್ದೆ. ಬೆನ್ನು ನೋಯುತ್ತಾ? ಸಹಿಸ್ಕೋ, ನೀನು ರೈಡರ್ ಅಲ್ವಾ? ಆದರೆ ಜೋಮು ಹಿಡಿದ ಕೈ ಬ್ರೇಕ್‌ನ ಸರಿಯಾಗಿ ಹಿಡಿಯಲ್ಲ. ನೋಯೋ ಕತ್ತು ಕನ್ನಡಿ ಕಡೆ ತಿರುಗಲ್ಲ. ಇದು ಸುರಕ್ಷತೆಯ ವಿಷಯ.

ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವರು ಜಾಸ್ತಿ ಮಾತಾಡಲಿಲ್ಲ. "ಬಂದಷ್ಟಕ್ಕೆ ಮಾರಿಬಿಡಪ್ಪ" ಅಂದ್ರು. ಮಾರಬೇಕು ಅಂತ ನನಗೂ ಅನಿಸಿತ್ತು.

ಮೊದಲು ನಾನು ಮಾಡಿದ ತಪ್ಪು ಲೆಕ್ಕ

ನಾನು ಓದಿದ್ದು ಬಿ.ಕಾಂ. ಪೆಟ್ರೋಲ್ ಖರ್ಚು ಕೂಡ ಬರೆದಿಡೋ ಜಾತಿ. ಮೊದಲ ತಿಂಗಳ ಪುಟ ಹೀಗಿದೆ: ಜೆಲ್ ಸೀಟ್ ಕವರ್ 2,600 ರೂಪಾಯಿ, ಹ್ಯಾಂಡಲ್‌ಬಾರ್ ರೈಸರ್ 2,800, ಎತ್ತರದ ವಿಂಡ್‌ಶೀಲ್ಡ್ 2,000. ಒಟ್ಟು 7,400. ವೀಡಿಯೊ ನೋಡೋದು, ಆರ್ಡರ್ ಮಾಡೋದು, ಭಾನುವಾರ ಫಿಟ್ ಮಾಡೋದು. ಫಲ? ಬೆನ್ನು ನೋವು ಹಾಗೇ ಇತ್ತು. ಜೋಮು ಹಾಗೇ ಇತ್ತು. ಜೊತೆಗೆ ಹೊಸ ವಿಂಡ್‌ಶೀಲ್ಡ್ ದಯೆಯಿಂದ ಹೆಲ್ಮೆಟ್ ಗಡಗಡ ಅಂತ ಅಲುಗಾಡೋಕೆ ಶುರುವಾಯ್ತು.

ಬೆಂಗಳೂರಿಗೆ ವಾಪಸ್ ಬಂದು ನಮ್ಮ ಏರಿಯಾದ ಮೆಕ್ಯಾನಿಕ್ ಹತ್ರ ಹೋದೆ. ನಾವೆಲ್ಲ ಅವರನ್ನ ಅಣ್ಣ ಅಂತಲೇ ಕರೆಯೋದು. ಅವರು ಗಾಡಿ ಸುತ್ತ ಒಂದು ಸುತ್ತು ಹಾಕಿ, ಒಂದು ರೌಂಡ್ ಓಡಿಸಿ ಬಂದು ಹೇಳಿದ್ರು: "ಗಾಡಿ ಚೆನ್ನಾಗಿದೆ ಕಣೋ. ನೀನು ಬೇರೆಯವರ ಚಪ್ಪಲಿ ಹಾಕ್ಕೊಂಡು ಓಡಾಡ್ತಾ ಇದೀಯ."

ನಿಜ. ನನಗೆ ಗಾಡಿ ಮಾರಿದವರು ನನಗಿಂತ ಎತ್ತರ, ದಪ್ಪ. ಹಿಂದೆ ಹೆಂಡತಿ, ಅಕ್ಕಪಕ್ಕ ಲಗೇಜ್ ಬ್ಯಾಗ್ ಹಾಕ್ಕೊಂಡು ಊರೂರು ಸುತ್ತಿದವರು. ಲಿವರ್, ಗೇರ್ ಪೆಡಲ್, ಸಸ್ಪೆನ್ಶನ್ ಎಲ್ಲವೂ ಅವರ ಮೈಗೆ ಹೊಂದಿಕೊಂಡಿದ್ದವು. ನಾನು 62 ಕೆಜಿ ಆಸಾಮಿ, ಒಬ್ಬನೇ ಓಡಿಸೋದು. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಾಗ ಹಿಂದಿನವರ ಸೆಟ್ಟಿಂಗೂ ಜೊತೆಗೇ ಬರುತ್ತೆ. ಆರ್‌ಸಿಯಲ್ಲಿ ಹೆಸರು ಬದಲಾದ್ರೆ ಸಾಲದು, ಇದನ್ನೂ ನಮ್ಮ ಹೆಸರಿಗೆ ಮಾಡ್ಕೋಬೇಕು.

ಅಣ್ಣ ಹೇಳಿಕೊಟ್ಟ ಕ್ರಮ ಇದು. ಮೊದಲು ಗಾಡಿ ರಿಪೇರಿ. ಆಮೇಲೆ ಕಾಸಿಲ್ಲದೆ ಆಗೋ ಅಡ್ಜಸ್ಟ್‌ಮೆಂಟ್. ಕೊನೆಗೆ ಅಂಗಡಿ. ನಾನು ಇದನ್ನ ತಲೆಕೆಳಗಾಗಿ ಮಾಡಿದ್ದೆ.

ಹಂತ 1: ಸವೆದಿದ್ದನ್ನ ಸರಿ ಮಾಡಿ

ಟೈರ್‌ನಿಂದ ಶುರು ಮಾಡಿ. ಟೈರ್ ಪಕ್ಕದಲ್ಲಿ ಡಾಟ್ ಅನ್ನೋ ಅಕ್ಷರಗಳಿರೋ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತೆ. ನನ್ನದರಲ್ಲಿ 1119 ಅಂತಿತ್ತು. ಅಂದ್ರೆ 2019ರ 11ನೇ ವಾರ ತಯಾರಾದ ಟೈರ್. ಗ್ರಿಪ್ ಇನ್ನೂ ಕಾಣ್ತಿತ್ತು, ಆದರೆ ರಬ್ಬರ್ ಗಟ್ಟಿಯಾಗಿತ್ತು. ಹಿಂದಿನ ಟೈರ್‌ನ ಮಧ್ಯಭಾಗ ಹೈವೇಯಲ್ಲಿ ಓಡಿ ಓಡಿ ಚಪ್ಪಟೆ ಆಗಿತ್ತು. ಇಂಥ ಟೈರ್ ಸಣ್ಣ ಕಲ್ಲನ್ನೂ ನೇರವಾಗಿ ಬೆನ್ನಿಗೆ ತಲುಪಿಸುತ್ತೆ, ತಿರುವಿನಲ್ಲಿ ಬೈಕ್‌ನ ಒಗ್ಗಿಸೋಕೆ ಜಗಳ ಆಡಬೇಕಾಗುತ್ತೆ.

ಗಾಳಿ ಕೂಡ ಅಷ್ಟೇ. ಚೈನ್ ಕವರ್ ಹತ್ರ ಇರೋ ಸ್ಟಿಕ್ಕರ್‌ನಲ್ಲಿ ಅಥವಾ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ ಕೊಟ್ಟಿರ್ತಾರೆ. ಗಾಡಿ ಓಡಿಸೋಕೆ ಮುಂಚೆ, ಟೈರ್ ತಣ್ಣಗಿದ್ದಾಗ ಚೆಕ್ ಮಾಡಿ. ಬಿಸಿ ಟೈರ್ ಜಾಸ್ತಿ ತೋರಿಸುತ್ತೆ.

ಇನ್ನೊಂದು, ಕೋನ್ ಸೆಟ್. ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್. ಗಾಡಿಯ ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲ್‌ನ ಎರಡು ಬೆರಳಲ್ಲಿ ನಿಧಾನಕ್ಕೆ ತಿರುಗಿಸಿ. ಮಧ್ಯಕ್ಕೆ ಬಂದಾಗ ಟಕ್ ಅಂತ ಕಚ್ಚಿ ನಿಂತರೆ ಬೇರಿಂಗ್ ಹೋಗಿದೆ. ನನ್ನದು ಕಚ್ತಿತ್ತು. ಹೀಗಿದ್ರೆ ಗಾಡಿ ನೇರ ರಸ್ತೆಯಲ್ಲೂ ತಾನಾಗಿ ನೇರ ಹೋಗಲ್ಲ. ನಮಗೆ ಗೊತ್ತಿಲ್ಲದೇ ಕೈ ಅದನ್ನ ಕ್ಷಣಕ್ಷಣ ತಿದ್ದುತ್ತಾ ಇರುತ್ತೆ. 200 ಕಿಲೋಮೀಟರ್ ಆದ್ಮೇಲೆ ಭುಜ ಯಾಕೆ ನೋಯ್ತಿತ್ತು ಅಂತ ನನಗೆ ಆಗ ಅರ್ಥ ಆಯ್ತು.

ಈಗ ಜೋಮಿನ ವಿಷಯ. ಡಾಮಿನಾರ್‌ನದು ಒಂದೇ ಸಿಲಿಂಡರ್, 373 ಸಿಸಿ ಎಂಜಿನ್. ಒಂದು ದೊಡ್ಡ ಪಿಸ್ಟನ್ ಮೇಲೆ ಕೆಳಗೆ ಓಡುವಾಗ ಕಂಪನ ಸಹಜ. ಅದಕ್ಕೇ ಹ್ಯಾಂಡಲ್‌ನ ಎರಡು ತುದಿಗೂ ಕಬ್ಬಿಣದ ಗುಂಡಿನಂಥ ಬಾರ್ ಎಂಡ್ ವೇಟ್ ಹಾಕಿರ್ತಾರೆ. ತುದಿಯಲ್ಲಿ ತೂಕ ಇದ್ದರೆ ಹ್ಯಾಂಡಲ್‌ನ ನಡುಕ ಕಮ್ಮಿ ಆಗುತ್ತೆ. ನನ್ನ ಗಾಡಿಯ ಹಿಂದಿನ ಮಾಲೀಕರು ಅದನ್ನ ಬಿಚ್ಚಿ, ಅಲ್ಲಿ ಹಗುರವಾದ ಸ್ಟೈಲಿಶ್ ಕನ್ನಡಿ ಕೂರಿಸಿದ್ರು. ಅಣ್ಣನ ಕಣ್ಣಿಗೆ ಮೊದಲು ಬಿದ್ದಿದ್ದೇ ಅದು. ಕಂಪನಿ ವೇಟ್ ಜೋಡಿಗೆ 450 ರೂಪಾಯಿ. ಹಳೇ ಜಾಗಕ್ಕೆ ಕನ್ನಡಿಗಳು ವಾಪಸ್. ಕೈ ಜೋಮಿನಲ್ಲಿ ಅರ್ಧ ಅಲ್ಲಿಗೇ ಹೋಯ್ತು.

ಹಂತ 2: ಸೊನ್ನೆ ರೂಪಾಯಿ ಕೆಲಸ

ಉಳಿದರ್ಧ ಲಿವರ್‌ನಿಂದ. ಈಗಲೇ ನಿಮ್ಮ ಗಾಡಿಯಲ್ಲಿ ಟೆಸ್ಟ್ ಮಾಡಬಹುದು. ಸ್ಟ್ಯಾಂಡ್ ತೆಗೆದು, ಯಾರನ್ನಾದ್ರೂ ಗಾಡಿ ಹಿಡ್ಕೊಳ್ಳೋಕೆ ಹೇಳಿ, ಓಡಿಸುವಾಗ ಕೂರೋ ಹಾಗೇ ಕೂತ್ಕೊಳ್ಳಿ. ಕಣ್ಣು ಮುಚ್ಚಿ, ಗ್ರಿಪ್ ಹಿಡಿದು ಬೆರಳು ಮುಂದಕ್ಕೆ ಚಾಚಿ. ಮೊಣಕೈಯಿಂದ ಬೆರಳ ತುದಿವರೆಗೆ ಒಂದೇ ಗೆರೆ ಬರಬೇಕು, ಲಿವರ್ ಬೆರಳ ಕೆಳಗೇ ಸಿಗಬೇಕು. ಲಿವರ್ ಮೇಲಿದ್ರೆ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತೆ. ಅಂಗೈ ಕಡೆಯಿಂದ ಹಾದು ಹೋಗೋ ನರಗಳ ಮೇಲೆ ಒತ್ತಡ ಬೀಳುತ್ತೆ. ಕಿರುಬೆರಳು, ಉಂಗುರಬೆರಳಿಗೆ ಜೋಮು ಬಂದ್ರೆ ಒಂದು ನರ, ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳಿಗೆ ಬಂದ್ರೆ ಇನ್ನೊಂದು. ಗಾಡಿ ಇಳಿದ ಮೇಲೂ ಜೋಮು ಬಿಡ್ತಾ ಇಲ್ಲ ಅಂದ್ರೆ ಮೆಕ್ಯಾನಿಕ್ ಅಲ್ಲ, ಡಾಕ್ಟರ್ ಹತ್ರ ಹೋಗಿ.

ಸರಿ ಮಾಡೋದು ಸುಲಭ. ಲಿವರ್ ಹಿಡಿದಿರೋ ಕ್ಲಾಂಪಿನ ಬೋಲ್ಟ್ ಸ್ವಲ್ಪ ಸಡಿಲ ಮಾಡಿ, ತಿರುಗಿಸಿ, ಬಿಗಿ ಮಾಡಿ. ಎರಡು ಎಚ್ಚರಿಕೆ. ಬ್ರೇಕ್ ಆಯಿಲ್ ಡಬ್ಬಿ ಹೆಚ್ಚು ಓರೆ ಆಗಬಾರದು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿದಾಗ ಯಾವ ಕೇಬಲ್ಲೂ ಎಳೀಬಾರದು. ನ್ಯೂಟ್ರಲ್‌ನಲ್ಲಿ ಎಂಜಿನ್ ಆನ್ ಇಟ್ಟು ಹ್ಯಾಂಡಲ್ ತಿರುಗಿಸಿ ನೋಡಿ. ಆರ್‌ಪಿಎಂ ತಾನಾಗಿ ಏರಿದ್ರೆ ಆಕ್ಸಿಲರೇಟರ್ ಕೇಬಲ್ ಎಳೀತಿದೆ ಅಂತ ಅರ್ಥ. ನಾನು ಹಾಕ್ಸಿದ್ದ ರೈಸರ್ ಇದೇ ಪರೀಕ್ಷೆಯಲ್ಲಿ ಫೇಲ್ ಆಯ್ತು. ಅವತ್ತೇ ಬಿಚ್ಚಿಸಿದೆ.

ಗೇರ್ ಪೆಡಲ್ಲು, ಹಿಂದಿನ ಬ್ರೇಕ್ ಪೆಡಲ್ಲಿನ ಎತ್ತರವನ್ನೂ ಹೀಗೇ ನಿಮ್ಮ ಶೂ ಹಾಕ್ಕೊಂಡು ಹೊಂದಿಸಿ. ಚಪ್ಪಲಿಯಲ್ಲಿ ಮಾಡಿದ ಅಡ್ಜಸ್ಟ್‌ಮೆಂಟ್ ರೈಡಿಂಗ್ ಬೂಟಿಗೆ ಆಗಲ್ಲ.

ಇನ್ನು ಬೆನ್ನು. ಇದಕ್ಕೆ ಟೇಪ್ ಬೇಕು, ಇಬ್ಬರು ಸ್ನೇಹಿತರು ಬೇಕು. ಹಿಂದಿನ ಚಕ್ರ ನೆಲ ಬಿಡೋ ಹಾಗೆ ಗಾಡಿ ಎತ್ತಿಸಿ, ಚಕ್ರದ ಆಕ್ಸಲ್‌ನಿಂದ ನೇರ ಮೇಲೆ ಸೀಟ್ ಪಕ್ಕದ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ಗಾಡಿ ಇಳಿಸಿ, ನೀವು ಜಾಕೆಟ್ ಹೆಲ್ಮೆಟ್ ಸಮೇತ ಕೂತು ಮತ್ತೆ ಅಳೆಸಿ. ಎರಡರ ವ್ಯತ್ಯಾಸಕ್ಕೆ ಸ್ಯಾಗ್ ಅಂತಾರೆ. ಅಂದ್ರೆ ನಿಮ್ಮ ಭಾರಕ್ಕೆ ಗಾಡಿ ಎಷ್ಟು ಕುಗ್ಗುತ್ತೆ ಅನ್ನೋದು. ರಸ್ತೆಗೆ ಓಡಿಸೋ ಇಂಥ ಬೈಕಿಗೆ ಸುಮಾರು 30ರಿಂದ 35 ಮಿಲಿಮೀಟರ್ ಇದ್ರೆ ಒಳ್ಳೇದು. ನನ್ನದು 14 ಇತ್ತು.

ಇಲ್ಲಿ ಒಂದು ತಪ್ಪು ಕಲ್ಪನೆ ಇದೆ. ಮೋನೋಶಾಕ್‌ನ ಪ್ರೀಲೋಡ್ ಜಾಸ್ತಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗುತ್ತೆ ಅಂತ. ಸ್ಪ್ರಿಂಗ್ ಅದೇ ಇರುತ್ತೆ. ಅದನ್ನ ಮೊದಲೇ ಎಷ್ಟು ಒತ್ತಿ ಇಟ್ಟಿದ್ದೀವಿ ಅನ್ನೋದಷ್ಟೇ ಬದಲಾಗೋದು. ಇಬ್ಬರು ಮತ್ತು ಲಗೇಜ್ ಲೆಕ್ಕಕ್ಕೆ ಒತ್ತಿಟ್ಟ ಸ್ಪ್ರಿಂಗ್ ಮೇಲೆ ನಾನೊಬ್ಬ ಕೂತ್ರೆ ಅದು ಕುಗ್ಗೋದೇ ಇಲ್ಲ. ಗುಂಡಿ ಬಂದಾಗ ಚಕ್ರ ಕೆಳಗೆ ಇಳಿಯೋಕೆ ಜಾಗ ಇರಲ್ಲ, ಇಡೀ ಗಾಡಿನೇ ಗುಂಡಿಗೆ ಬೀಳುತ್ತೆ. ಸಿ-ಸ್ಪ್ಯಾನರ್‌ನಲ್ಲಿ ಕೆಲವು ಹಂತ ಇಳಿಸಿದ್ವಿ, ಪ್ರತಿ ಸಲ ಅಳೆದ್ವಿ. 31ಕ್ಕೆ ಬಂತು. ಅವತ್ತು ಸಂಜೆ ನಮ್ಮ ಬೀದಿಯ ಹಂಪ್ ದಾಟಿದಾಗ ನನಗೆ ನಗು ಬಂತು. ಜೆಲ್ ಸೀಟಿಗೆ 2,600 ಕೊಟ್ಟಿದ್ನಲ್ಲ ಅಂತ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮಾಡಿ, ಒಂದು ಐವತ್ತು ಕಿಲೋಮೀಟರ್ ಓಡಿಸಿ, ಫೋನ್‌ನಲ್ಲಿ ಬರೆದಿಟ್ಕೊಳ್ಳಿ. ನಾಲ್ಕು ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಒಳ್ಳೇದಾಯ್ತು, ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗಲ್ಲ.

ಹಂತ 3: ಈಗ ಅಂಗಡಿಗೆ ಹೋಗಿ

ಇಷ್ಟಾದ ಮೇಲೂ ನೋವು ಉಳಿದ್ರೆ ಅದಕ್ಕೆ ದುಡ್ಡು ಹಾಕಿ. ನನಗೆ ಉಳಿದಿದ್ದು ಎರಡು. ಒಂದು, ಬ್ರೇಕ್ ಹಾಕಿದಾಗಲೆಲ್ಲ ಸೀಟಲ್ಲಿ ಜಾರಿ ಟ್ಯಾಂಕಿಗೆ ಒತ್ತಿಕೊಳ್ಳೋದು. ಜಾರಬಾರದು ಅಂತ ಕೈಯಲ್ಲಿ ಒದ್ದಾಡಿದ್ರೆ ಮತ್ತೆ ಮಣಿಕಟ್ಟಿಗೆ ಭಾರ. ಜೆ.ಸಿ. ರಸ್ತೆಯಲ್ಲಿ ಸೀಟ್ ಕೆಲಸದವರ ಹತ್ರ ಮುಂಭಾಗದ ಫೋಮ್ ಸ್ವಲ್ಪ ಎತ್ತರಿಸಿ, ಜಾರದ ರೆಕ್ಸಿನ್ ಹಾಕಿಸಿದೆ. 1,800 ರೂಪಾಯಿ. ಮೆತ್ತಗಿನ ಫೋಮ್ ಕೇಳಬೇಡಿ. ಅಂಗಡಿಯಲ್ಲಿ ಐದು ನಿಮಿಷ ಕೂತಾಗ ಹಿತ ಅನಿಸುತ್ತೆ, ಎರಡು ಗಂಟೆಗೆ ಅದು ಪೂರ್ತಿ ಕುಗ್ಗಿ ಮೂಳೆ ತಳಕ್ಕೆ ತಾಗುತ್ತೆ. ಸ್ವಲ್ಪ ಗಟ್ಟಿ, ಸ್ವಲ್ಪ ಅಗಲ ಇರೋದೇ ದೂರದ ದಾರಿಗೆ ಒಳ್ಳೇದು. ಮೊಣಕಾಲಲ್ಲಿ ಟ್ಯಾಂಕ್ ಒತ್ತಿ ಹಿಡಿಯೋದನ್ನೂ ರೂಢಿ ಮಾಡ್ಕೊಳ್ಳಿ. ಅದು ಪುಕ್ಕಟೆ.

ಎರಡನೇದು ಗಾಳಿ. ವಿಂಡ್‌ಶೀಲ್ಡ್ ಎತ್ತರ ಆದಷ್ಟೂ ಒಳ್ಳೇದು ಅನ್ನೋದು ನಿಜ ಅಲ್ಲ. ಅದರ ಮೇಲಂಚಿಗೆ ತಾಗಿದ ಗಾಳಿ ಸುಳಿಯಾಗುತ್ತೆ. ಆ ಸುಳಿ ಎದೆಗೆ ಬಡಿದ್ರೆ ಅಷ್ಟು ತೊಂದರೆ ಇಲ್ಲ, ಹೆಲ್ಮೆಟ್‌ಗೆ ಬಡಿದ್ರೆ ಕತ್ತು ಹೋಗುತ್ತೆ. ಖಾಲಿ ರಸ್ತೆಯಲ್ಲಿ ತಲೆ ಒಂದು ಗೇಣು ತಗ್ಗಿಸಿ ನೋಡಿ, ಆಮೇಲೆ ಸ್ವಲ್ಪ ಎತ್ತರಿಸಿ ನೋಡಿ. ಎಲ್ಲಿ ಸದ್ದು, ಅಲುಗಾಟ ಕಮ್ಮಿ ಆಗುತ್ತೋ ಅದರ ಮೇಲೆ ಶೀಲ್ಡ್ ಎತ್ತರ ಬೇಕೋ ತಗ್ಗು ಬೇಕೋ ಗೊತ್ತಾಗುತ್ತೆ. ನಾನು ಹಳೇ ಚಿಕ್ಕ ಶೀಲ್ಡನ್ನೇ ವಾಪಸ್ ಹಾಕಿದೆ. ಚಿತ್ರದುರ್ಗದ ಗಾಳಿಯಂತ್ರಗಳ ಹತ್ರ ಅಡ್ಡಗಾಳಿ ಹೇಗಿರುತ್ತೆ ಅಂತ ಆ ಕಡೆ ಓಡಾಡೋರಿಗೆ ಗೊತ್ತು. ಅಲ್ಲಿ ಈಗ ಕತ್ತು ಸುಮ್ಮನಿರುತ್ತೆ.

ಕೊನೆಯ ಪುಟ

ಲೆಕ್ಕ ಒಪ್ಪಿಸ್ತೀನಿ. ಎರಡು ಟೈರ್ 9,500. ಕೋನ್ ಸೆಟ್ ಕೂಲಿ ಸೇರಿ 1,400. ಬಾರ್ ಎಂಡ್ ವೇಟ್ 450. ಸೀಟ್ 1,800. ಒಟ್ಟು 13,150. ಇದರಲ್ಲಿ 10,900 ಟೈರ್ ಮತ್ತು ಬೇರಿಂಗ್‌ಗೆ. ಅದು ಕಂಫರ್ಟ್ ಬೇಡ ಅಂದ್ರೂ ಮಾಡಲೇಬೇಕಾದ ಖರ್ಚು. ಹಾಗಾಗಿ ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಟೈರಿನ ಅಂಕಿ ಓದಿ, ಹ್ಯಾಂಡಲ್ ತಿರುಗಿಸಿ ನೋಡಿ, ಆಮೇಲೆ ರೇಟ್ ಮಾತಾಡಿ. ನಾನು ಮಾತಾಡಲಿಲ್ಲ.

ಹೋದ ತಿಂಗಳು ಮತ್ತೆ ಊರಿಗೆ ಹೋದೆ. ಶಿರಾದಲ್ಲಿ ನಿಲ್ಲಿಸಿ ನೀರು ಕುಡಿದೆ, ಬೆರಳು ಮಡಚಿ ಬಿಡಿಸಿ ನೋಡಿದೆ. ಹತ್ತೂ ಬೆರಳು ಲೆಕ್ಕಕ್ಕೆ ಸಿಕ್ಕವು. ಗಾಡಿ ಎಷ್ಟೇ ಚೆನ್ನಾಗಿದ್ರೂ ಗಂಟೆ, ಒಂದೂವರೆ ಗಂಟೆಗೊಮ್ಮೆ ಇಳೀಬೇಕು. ಮೈಗೆ ಬೇಕಾಗಿರೋದು ಅದು, ಅದನ್ನ ಯಾವ ಸೀಟೂ ಕೊಡಲ್ಲ.

ಮನೆ ಮುಂದೆ ನಿಂತಾಗ ಅಪ್ಪ ಕೇಳಿದ್ರು, "ಇನ್ನೂ ಮಾರಿಲ್ಲೇನೋ?" ನಾನು ಉತ್ತರ ಕೊಡೋದ್ರೊಳಗೆ ಅಮ್ಮ ಹೊರಗೆ ಬಂದು, "ಹರಿಹರಕ್ಕೆ ದೇವಸ್ಥಾನಕ್ಕೆ ಹೋಗಬೇಕಿತ್ತು, ಕರ್ಕೊಂಡು ಹೋಗ್ತೀಯೇನಪ್ಪ?" ಅಂದ್ರು. ಸಿ-ಸ್ಪ್ಯಾನರ್ ತೆಗೆದು ಪ್ರೀಲೋಡ್ ಎರಡು ಹಂತ ಏರಿಸಿದೆ, ಇಬ್ಬರ ಲೆಕ್ಕಕ್ಕೆ ಗಾಳಿ ಹಾಕಿಸಿದೆ, ಹೊರಟ್ವಿ.

ನಿಮ್ಮ ಗಾಡಿಯಲ್ಲಿ ಎಲ್ಲಿ ನೋಯುತ್ತೆ, ಏನು ಮಾಡಿದ್ರಿ ಅಂತ ವಾಯ್ಸ್ ನೋಟ್ ಕಳಿಸಿ. ಒಳ್ಳೇದನ್ನ ಮುಂದಿನ ಸಲ ಕೇಳಿಸ್ತೀನಿ. ಅಲ್ಲಿವರೆಗೂ ಹೆಲ್ಮೆಟ್ ಬಕಲ್ ಹಾಕಿ ಓಡಿಸಿ. ನಮಸ್ಕಾರ.